ಹಾಲಿನ ಲೆಕ್ಕದ ಪಕ್ಕದಲ್ಲಿ ಟಿವಿಯ ಲೆಕ್ಕ

"ಟಿವಿಗೆ ಲಕ್ವ ಹೊಡೆದಿದೆ ನೋಡು" ಎಂದಳು ಅಮ್ಮ. ದೀಪಾವಳಿ ಕಳೆದು ಒಂದು ವಾರವಾಗಿತ್ತು. ನಾನು ಇನ್ನೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗೆ ಇಣುಕಿದರೆ ವಾರ್ತೆ ಓದುವಾಕೆಯ ಬಾಯಿ ಅರ್ಧ ತೆರೆದು ಹಾಗೆಯೇ ನಿಂತಿತ್ತು. ಎಡಗೆನ್ನೆ ಚೌಕ ಚೌಕವಾಗಿ ಒಡೆದು ಭುಜದ ಮೇಲೆ ಹೋಗಿ ಕುಳಿತಿತ್ತು. ಧ್ವನಿ ಎರಡು ಸಲ ಬಿಕ್ಕಳಿಸಿ ನಿಂತುಹೋಯಿತು. ಆಮೇಲೆ ಸಿಗ್ನಲ್ ಇಲ್ಲವೆಂಬ ನೀಲಿ ಪರದೆ. ಹತ್ತು ಸೆಕೆಂಡಿನಲ್ಲಿ ಆಕೆ ಮರಳಿ ಬಂದು, ಏನೂ ಆಗದವಳಂತೆ ಹವಾಮಾನ ವರದಿ ಓದತೊಡಗಿದಳು.

ಬೆಂಗಳೂರಿನ ಹನುಮಂತನಗರದ ನಮ್ಮ ಮನೆಗೆ ನಲವತ್ತು ವರ್ಷ ದಾಟಿದೆ. ಅಪ್ಪ ಕಟ್ಟಿಸಿದ ಮನೆ. ಈಗ ಇರುವುದು ಅಮ್ಮ ಮತ್ತು ನಾನು. ಟಿವಿಗೆ ಡಿ.ಡಿ. ಫ್ರೀ ಡಿಶ್ ಇದೆ. ತಿಂಗಳ ಬಾಡಿಗೆ ಇಲ್ಲ. ಡಿಶ್ಶೂ ಬಾಕ್ಸೂ ನಾವೇ ದುಡ್ಡು ಕೊಟ್ಟು ತಂದದ್ದು, ಹಾಗಾಗಿ ಕೆಟ್ಟರೆ ಅದನ್ನು ನೋಡಿಕೊಳ್ಳುವುದೂ ನಾವೇ.

ಮೊದಲು ಮಾಡಿದ್ದು ದಡ್ಡತನ. ಬೀದಿ ತುದಿಯ ರಿಪೇರಿ ಹುಡುಗನನ್ನು ಕರೆದೆ. ಅವನು ರಿಮೋಟನ್ನು ಮೂರು ಸಲ ಒತ್ತಿ, ಬಾಕ್ಸನ್ನು ಅಂಗೈಯಿಂದ ತಟ್ಟಿ, "ಬಾಕ್ಸ್ ಹೋಗಿದೆ ಸಾರ್" ಎಂದ. ಮರುದಿನ ಎಸ್.ಪಿ. ರಸ್ತೆಗೆ ಹೋಗಿ ಹೊಸದನ್ನು ತಂದೆ. ಹೊಸ ಬಾಕ್ಸಿನಲ್ಲಿ ಚೌಕಗಳು ಇನ್ನಷ್ಟು ಸ್ಪಷ್ಟವಾಗಿ ಕಂಡವು. ಹಳೆಯ ಬಾಕ್ಸ್ ಈಗಲೂ ಅಟ್ಟದ ಮೇಲೆ ಸುಸ್ಥಿತಿಯಲ್ಲಿದೆ.

ನಾಲ್ಕು ದಿನ ಸರಿ, ಐದನೆಯ ದಿನ ಕೆಟ್ಟಿತು ಎನ್ನುವಂಥ ದೋಷ ಯಾರಿಗೂ ಸಿಗುವುದಿಲ್ಲ. ನಾನು ಮನೆಯಲ್ಲಿದ್ದಾಗ ಚಿತ್ರ ಕನ್ನಡಿಯಂತಿರುತ್ತಿತ್ತು. ಕಚೇರಿಗೆ ಹೊರಟ ಮೇಲೆ ಅಮ್ಮನ ಫೋನು ಬರುತ್ತಿತ್ತು. ಕೊನೆಗೆ, "ನಿಂತಾಗಲೆಲ್ಲ ಗಂಟೆ ಬರೆದಿಡು, ಹೊರಗೆ ಏನಾಗುತ್ತಿತ್ತು ಅನ್ನುವುದನ್ನೂ ಬರೆ" ಎಂದೆ. ಅಡುಗೆಮನೆಯ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಅಮ್ಮ ಹಾಲಿನ ಲೆಕ್ಕ ಇಡುತ್ತಾಳೆ. ಅರ್ಧ ಲೀಟರಿಗೆ ಒಂದು ಗೀಟು, ಹೆಚ್ಚು ತೆಗೆದುಕೊಂಡ ದಿನ ಪಕ್ಕದಲ್ಲೊಂದು ಚುಕ್ಕೆ. ಅದೇ ತಾರೀಖಿನ ಮನೆಯೊಳಗೆ, ಅದೇ ಸಣ್ಣ ಅಕ್ಷರದಲ್ಲಿ ಟಿವಿಯ ಲೆಕ್ಕವೂ ಸೇರಿತು: "7.10 ಮಂಜು", "8 ಮಂಜು, 10ಕ್ಕೆ ಸರಿ", "ರಾತ್ರಿ ಮಳೆ, ಬೆಳಗ್ಗೆ ಇಲ್ಲವೇ ಇಲ್ಲ", "ಸಂ. 7.20", "ಮ. 2.30 ಗಾಳಿ".

ಡಿಸೆಂಬರ್ ಕೊನೆಗೆ ಕ್ಯಾಲೆಂಡರನ್ನು ಮೇಜಿನ ಮೇಲೆ ಹಾಸಿಕೊಂಡು ಕುಳಿತೆ. ಒಂದು ಕಾಯಿಲೆಗೆ ಇಷ್ಟೊಂದು ಬಗೆಯ ಹೊತ್ತು ಇರಲಾರದು ಅನ್ನಿಸಿದ್ದು ಆಗ. ಬೆಳಗಿನದು ಬೇರೆ, ಸಂಜೆಯದು ಬೇರೆ, ಮಧ್ಯಾಹ್ನದ ಗಾಳಿಯದು ಬೇರೆ.

ಬೆಳಗಿನದನ್ನು ಮೊದಲು ಹಿಡಿದೆ. ಇಬ್ಬನಿ ಬಿದ್ದಾಗ ಕೆಡುತ್ತದೆ, ಬಿಸಿಲೇರಿದ ಮೇಲೆ ಸರಿಹೋಗುತ್ತದೆ ಎಂದರೆ ಎಲ್ಲೋ ನೀರು ಇಳಿದು ಒಣಗುತ್ತಿದೆ ಎಂದೇ ಅರ್ಥ. ಬಾಕ್ಸಿನ ಮೆನುವಿನಲ್ಲಿ ಎರಡು ಪಟ್ಟಿಗಳಿವೆ. ಒಂದು ಸಿಗ್ನಲ್ಲಿನ ಬಲ, ಇನ್ನೊಂದು ಗುಣಮಟ್ಟ. ಬಹಳ ಜನ ಬಲವನ್ನು ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ, ನಾನೂ ಅವರಲ್ಲೊಬ್ಬನಾಗಿದ್ದೆ. ಡಿಶ್ ಆಕಾಶದ ಯಾವ ಮೂಲೆ ನೋಡುತ್ತಿದ್ದರೂ ಬಲದ ಪಟ್ಟಿ ಅಷ್ಟಿಷ್ಟು ತುಂಬಿಯೇ ಇರುತ್ತದೆ, ಗದ್ದಲವೂ ಬಲವೇ ತಾನೆ. ನಂಬಬೇಕಾದದ್ದು ಗುಣಮಟ್ಟವನ್ನು. ನಮ್ಮದು ಬಲ 80, ಗುಣಮಟ್ಟ 38.

ಹಳೆಯ ಕಾಲದ ಟಿವಿಯಾಗಿದ್ದರೆ ಈ 38ರ ಸುದ್ದಿ ಕಣ್ಣಿಗೇ ಕಾಣುತ್ತಿತ್ತು. ಚಿತ್ರ ಮಸುಕಾಗುತ್ತಿತ್ತು, ರವೆ ಉದುರಿದಂತೆ ಚುಕ್ಕೆಗಳು ಬೀಳುತ್ತಿದ್ದವು, ಒಬ್ಬರ ಹಿಂದೆ ಇನ್ನೊಬ್ಬರ ನೆರಳು ನಿಲ್ಲುತ್ತಿತ್ತು. ಆದರೂ ಸಿನಿಮಾ ಮುಗಿಯುವವರೆಗೆ ನೋಡಬಹುದಿತ್ತು. ಡಿಜಿಟಲ್ ಹಾಗಲ್ಲ. ಅಲ್ಲೊಂದು ಇಲ್ಲೊಂದು ತಪ್ಪನ್ನು ಬಾಕ್ಸ್ ತಾನೇ ತಿದ್ದಿಕೊಂಡು, ಕೊನೆಯ ಗಳಿಗೆಯವರೆಗೂ ಎಲ್ಲ ಸರಿ ಇದೆ ಎಂದು ತೋರಿಸುತ್ತದೆ. ತಪ್ಪುಗಳು ಅದರ ಶಕ್ತಿ ಮೀರಿದ ಕ್ಷಣವೇ ಚಿತ್ರ ಚೌಕಗಳಾಗಿ ಒಡೆಯುತ್ತದೆ. ನಮ್ಮ ಟಿವಿ ಎಷ್ಟು ತಿಂಗಳಿನಿಂದ ಬಾವಿಯ ಕಟ್ಟೆಯ ಅಂಚಿನಲ್ಲೇ ನಡೆಯುತ್ತಿತ್ತೋ!

ಭಾನುವಾರ ಬೆಳಗ್ಗೆ ತಾರಸಿಗೆ ಹೋದೆ. ಬಾಕ್ಸಿನ ಪ್ಲಗ್ ತೆಗೆದೇ ಹೋದೆ, ಏಕೆಂದರೆ ಸಿಗ್ನಲ್ ಕೆಳಗೆ ಬರುವ ಕೇಬಲಿನಲ್ಲೇ ಬಾಕ್ಸಿನಿಂದ 13 ಅಥವಾ 18 ವೋಲ್ಟ್ ಮೇಲಕ್ಕೆ ಹೋಗುತ್ತಿರುತ್ತದೆ. ಡಿಶ್‌ನ ಮುಂದೆ ಕೋಲಿನ ತುದಿಯಲ್ಲಿರುವ ಎಲ್‌ಎನ್‌ಬಿ ಎಂಬ ಡಬ್ಬಿಗೆ ಅದೇ ಊಟ. ಕನೆಕ್ಟರಿಗೆ ಸುತ್ತಿದ್ದ ಕಪ್ಪು ಟೇಪು ಬಿಸಿಲಿಗೆ ಬೆಂದು ಬೆಲ್ಲದ ಪಾಕದಂತಾಗಿತ್ತು. ಬಿಚ್ಚಿದರೆ ಒಳಗೆ ಹಸಿರು. ದೇವರ ಮನೆಯ ತಾಮ್ರದ ಪಂಚಪಾತ್ರೆಯನ್ನು ಹುಣಿಸೆಹಣ್ಣು ಕಾಣಿಸದೆ ಆರು ತಿಂಗಳು ಬಿಟ್ಟರೆ ಹಿಡಿಯುತ್ತದಲ್ಲ, ಅದೇ ಕಿಲುಬು. ನಡುವಿನ ತಂತಿ ಕರ್ರಗಾಗಿ ಸೂಜಿಯಷ್ಟು ಸವೆದಿತ್ತು. ಬರಿಯ ನೀರು ಇಷ್ಟು ಬೇಗ ತಿನ್ನುವುದಿಲ್ಲ. ನೀರಿನ ಜೊತೆ ಹಗಲಿರುಳು ವಿದ್ಯುತ್ತೂ ಹರಿಯುತ್ತಿದ್ದರೆ ಲೋಹ ಕರಗಿಯೇ ಹೋಗುತ್ತದೆ. ಕೇಬಲಿನ ಮೇಲ್ಸಿಪ್ಪೆಯನ್ನು ಒಂದು ಗೇಣು ಸೀಳಿದೆ. ಒಳಗಿನ ತಂತಿಯ ಹೆಣಿಗೆಯೂ ಕಪ್ಪು. ಇನ್ನೊಂದು ಗೇಣು ಸೀಳಿದೆ, ಅಲ್ಲಿಯೂ ಕಪ್ಪು. ದೀಪದ ಬತ್ತಿ ಎಣ್ಣೆ ಎಳೆಯುವ ಹಾಗೆ ಆ ಹೆಣಿಗೆ ನೀರೆಳೆದುಕೊಂಡು ಕುಳಿತಿತ್ತು.

ಇಪ್ಪತ್ತು ಮೀಟರ್ ಆರ್‌ಜಿ 6 ಕೇಬಲ್ ಮತ್ತು ಒಳ್ಳೆಯ ಕನೆಕ್ಟರುಗಳನ್ನು ತಂದೆ. ಅಂಗಡಿಯಾತ ಕೈಯಲ್ಲೇ ತಿರುಗಿಸಿ ಹಾಕುವ ಕನೆಕ್ಟರ್ ಕೊಡಲು ಬಂದ. ಇಕ್ಕಳದಿಂದ ಒತ್ತಿ ಕೂರಿಸುವುದೇ ಬೇಕೆಂದು ಹಟ ಹಿಡಿದು, ಇಕ್ಕಳವನ್ನೂ ಕೊಂಡೆ. ಕೇಬಲ್ ಕಿಟಕಿಯೊಳಗೆ ನುಗ್ಗುವ ಮುನ್ನ ಅದನ್ನು ತೂತಿಗಿಂತ ಒಂದು ಮೊಳ ಕೆಳಕ್ಕೆ ಜೋತುಬಿಟ್ಟು ಮತ್ತೆ ಮೇಲಕ್ಕೆ ತಂದೆ. ಹರಿದು ಬಂದ ಮಳೆನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗಲಿ ಎಂದು. ಹಿಂದೆ ಕಟ್ಟಿದವನು ಬಿಗಿಯಾಗಿ, ನೇರವಾಗಿ ಕಟ್ಟಿದ್ದ. ಅವನ ಕೆಲಸ ನೋಡಲು ಅಂದವಾಗಿತ್ತು, ನೀರಿಗೆ ರಾಜಬೀದಿಯಾಗಿತ್ತು.

ಹೇಗೂ ತಾರಸಿಯಲ್ಲಿದ್ದೆನಲ್ಲ, ಡಿಶ್ ಹಿಡಿದು ಅಲುಗಿಸಿದೆ. ಸಡಿಲ ಹಲ್ಲಿನಂತೆ ಆಡಿತು. ನೀರಿನ ಟ್ಯಾಂಕ್ ತೊಳೆಯಲು ಬರುವವರು ಅದನ್ನೇ ಹಿಡಿದು ಹತ್ತುತ್ತಾರೆ ಎಂಬುದು ನೆನಪಾಯಿತು. ಸರಿ, ನಟ್ಟು ಬಿಗಿಮಾಡುವ ಮುನ್ನ ದಿಕ್ಕನ್ನೂ ನೋಡಿಬಿಡೋಣ ಎಂದುಕೊಂಡೆ.

ಫ್ರೀ ಡಿಶ್ ಚಾನೆಲ್‌ಗಳು ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಅದು 2015ರ ನವೆಂಬರಿನಲ್ಲಿ ಫ್ರೆಂಚ್ ಗಯಾನಾದ ಕೌರುವಿನಿಂದ ಹಾರಿತು. ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಎಂದರೆ ಸುಮಾತ್ರಾದ ಪಶ್ಚಿಮಕ್ಕಿರುವ ಸಮುದ್ರದ ನೆತ್ತಿಯ ಮೇಲೆ. ಅದರ ಲಗಾಮು ಮಾತ್ರ ನಮ್ಮ ಹಾಸನದ ನಿಯಂತ್ರಣ ಕೇಂದ್ರದಲ್ಲಿದೆ. ಬೆಂಗಳೂರಿನಿಂದ ನೋಡಿದರೆ ಉತ್ತರದಿಂದ ಬಲಕ್ಕೆ ಸುಮಾರು 128 ಡಿಗ್ರಿ, ದಿಗಂತದಿಂದ ಮೇಲಕ್ಕೆ ಸುಮಾರು 66 ಡಿಗ್ರಿ. "ಆಗ್ನೇಯ" ಎಂದೆ ಅಮ್ಮನಿಗೆ. "ಅದು ಒಲೆ ಇಡುವ ಮೂಲೆಯಲ್ಲವೇನೋ" ಎಂದಳು.

66 ಡಿಗ್ರಿ ಎಂದರೆ ನೆತ್ತಿಗೆ ಹತ್ತಿರ. ಆದರೆ ಡಿಶ್ ನೋಡಿದರೆ ಅಷ್ಟು ಮೇಲೆ ಮುಖ ಮಾಡಿದಂತೆ ಕಾಣುವುದೇ ಇಲ್ಲ. ಜಯನಗರದ ಕಡೆ ಯಾರಾದರೂ ಬರುತ್ತಿದ್ದಾರೋ ಎಂದು ಕತ್ತೆತ್ತಿ ನೋಡುವಂತಿರುತ್ತದೆ. ಮನೆಗಳಲ್ಲಿರುವ ಡಿಶ್ ದೊಡ್ಡದೊಂದು ಬೋಗುಣಿಯ ಒಂದು ಪಕ್ಕದ ತುಂಡು. ಆದ್ದರಿಂದ ಅದು ನೋಡುವ ದಿಕ್ಕು ಅದರ ಮುಖಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ಡಿಗ್ರಿ ಮೇಲಿರುತ್ತದೆ. ಹಾಗೆ ಮಾಡಿರುವುದು ಎಲ್‌ಎನ್‌ಬಿಯ ನೆರಳು ಡಿಶ್‌ಗೇ ಅಡ್ಡ ಬೀಳದಿರಲಿ ಎಂದು. ಈ ಮಾತು ಮುಂದೆ ಕೆಲಸಕ್ಕೆ ಬರುತ್ತದೆ.

ಕಿವಿಯಲ್ಲಿ ಫೋನಿಟ್ಟುಕೊಂಡು ಅಮ್ಮನನ್ನು ಟಿವಿ ಎದುರು ಕೂರಿಸಿದೆ. 1980ರ ದಶಕದಲ್ಲಿ ಇದೇ ತಾರಸಿಯಲ್ಲಿ ಅಪ್ಪ ಆಂಟೆನಾ ತಿರುಗಿಸುತ್ತಿದ್ದರು. ಮೆಟ್ಟಿಲ ನಡುವೆ ನಾನು, ಕೆಳಗೆ ಅಮ್ಮ. ಅಮ್ಮನ "ಬಂತು" ನನ್ನ ಬಾಯಿಂದ ಅಪ್ಪನ ಕಿವಿ ಸೇರುವಷ್ಟರಲ್ಲಿ ಅವರು ಇನ್ನೊಂದು ಗೇಣು ತಿರುಗಿಸಿ, ಅದು "ಹೋಯಿತು" ಆಗಿರುತ್ತಿತ್ತು. ಈಗ ನಡುವಿನ ಹುಡುಗನ ಬದಲು ಫೋನು ಬಂದಿದೆ, ತಡ ಮಾತ್ರ ತಪ್ಪಿಲ್ಲ. ಡಿಶ್ ಅಲುಗಿದ ಒಂದೆರಡು ಸೆಕೆಂಡಿನ ಮೇಲೆ ಬಾಕ್ಸ್ ಅಂಕಿ ಬದಲಿಸುತ್ತದೆ. ಹಾಗಾಗಿ ಕೂದಲೆಳೆಯಷ್ಟು ಸರಿಸಬೇಕು, ನಿಲ್ಲಬೇಕು, ಕೇಳಬೇಕು. ಅಮ್ಮ ಚೀಟಿ ಹರಾಜು ಕೂಗಿದಂತೆ ಕೂಗುತ್ತಿದ್ದಳು: "ಐವತ್ತೊಂದು... ಐವತ್ತಾರು... ಐವತ್ತಾರೇ... ಅಯ್ಯೋ, ಸೊನ್ನೆ!" ಅಡ್ಡಕ್ಕೆ, ಉದ್ದಕ್ಕೆ ಆಡಿಸಿ 64ಕ್ಕೆ ತಂದೆ. ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಬೆರಳಗಲ ತಿರುಚಿದಾಗ 71 ಆಯಿತು. ಅದು ನೆಟ್ಟಗೆ ಕೂರುವ ವಸ್ತುವಲ್ಲ. ಉಪಗ್ರಹ ನಮಗಿಂತ ಪೂರ್ವಕ್ಕಿರುವುದರಿಂದ ನಮ್ಮೂರಿನಲ್ಲಿ ಅದನ್ನು ಹೆಚ್ಚುಕಡಿಮೆ ಅರ್ಧ ಲಂಬಕೋನದಷ್ಟು ವಾಲಿಸಬೇಕು. ನಟ್ಟು ಬಿಗಿಮಾಡುವಾಗಲೂ ಅಂಕಿ ಜಾರುತ್ತದೆ. ಎಡಕ್ಕೊಂದು ಬಲಕ್ಕೊಂದು ಎಂದು ಸರದಿಯಲ್ಲಿ ಬಿಗಿಯುತ್ತ ಹೋದೆ.

ಜನವರಿಯ ಕ್ಯಾಲೆಂಡರಿನಲ್ಲಿ ಬೆಳಗಿನ ಗುರುತುಗಳು ಒಂದೂ ಇಲ್ಲ. ನನಗೆ ಸ್ವಲ್ಪ ಕೊಬ್ಬು ಬಂತು. ಕಚೇರಿಯಲ್ಲಿ ಇಬ್ಬರಿಗೆ ಉಪದೇಶವನ್ನೂ ಮಾಡಿದೆ.

ಸಂಜೆ ಏಳೂ ಇಪ್ಪತ್ತರದ್ದು ಹಾಗೇ ಉಳಿದಿತ್ತು. ಅಮ್ಮ ಮಿಕ್ಸಿಯ ಮೇಲೆ ಅನುಮಾನಪಟ್ಟಳು. ಹಿಂದೆಲ್ಲ ಪಕ್ಕದ ಮನೆಯಲ್ಲಿ ಚಟ್ನಿ ರುಬ್ಬಿದರೆ ನಮ್ಮ ಟಿವಿಯಲ್ಲಿ ಗೆರೆ ಬರುತ್ತಿದ್ದದ್ದು ನಿಜ, ಆದರೆ ಡಿಶ್‌ನ ಸಿಗ್ನಲ್ಲಿನ ಎತ್ತರಕ್ಕೆ ಮಿಕ್ಸಿಯ ಕಿರುಚಾಟ ಮುಟ್ಟುವುದಿಲ್ಲ. ಆದರೂ ಪರೀಕ್ಷಿಸಿದೆ. ಮಿಕ್ಸಿ ನಿರಪರಾಧಿ. ವಿಚಿತ್ರವೆಂದರೆ ಆ ಹೊತ್ತಿನಲ್ಲಿ ಎಲ್ಲ ಚಾನೆಲ್‌ಗಳೂ ಒಡೆಯುತ್ತಿರಲಿಲ್ಲ. ಅಮ್ಮ ನೋಡುವ ಒಂದು ಮತ್ತು ಅದರ ಹಿಂದು ಮುಂದಿನ ಕೆಲವು ಮಾತ್ರ. ಬಾಕ್ಸಿನ ಮಾಹಿತಿ ಗುಂಡಿ ಒತ್ತಿ ನೋಡಿದರೆ ಅವೆಲ್ಲ 11,500 ಮೆಗಾಹರ್ಟ್ಸ್ ಆಸುಪಾಸಿನ ಒಂದೇ ಆವರ್ತನದವು.

ಇಲ್ಲಿ ಸ್ವಲ್ಪ ಕಳೆಯುವ ಲೆಕ್ಕ ಇದೆ. ಅಷ್ಟು ಎತ್ತರದ ಆವರ್ತನ ಕೇಬಲಿನಲ್ಲಿ ದೂರ ಸಾಗದು. ಅದಕ್ಕೇ ಎಲ್‌ಎನ್‌ಬಿ ಅದರಿಂದ 9,750ನ್ನು ಕಳೆದು ಕೆಳಗೆ ಕಳಿಸುತ್ತದೆ. 11,500ರಲ್ಲಿ 9,750 ಹೋದರೆ ಉಳಿಯುವುದು 1,750. 1,800ರ ಬ್ಯಾಂಡಿನಲ್ಲಿ ನಮ್ಮ ಮೊಬೈಲುಗಳು ಟವರಿಗೆ ಮಾತು ಕಳಿಸುವುದು 1,710ರಿಂದ 1,785ರ ನಡುವೆ. ಎರಡೂ ಒಂದೇ ಓಣಿ. ಕೇಬಲಿನ ಹೆಣಿಗೆ ಗಟ್ಟಿಯಾಗಿದ್ದರೆ ಹೊರಗಿನದು ಒಳಗೆ ಬರದು. ಎಲ್ಲಾದರೂ ಬಿರುಕಿದ್ದರೆ?

ಬಿರುಕು ಇತ್ತು, ಮಾಡಿದವನು ನಾನೇ. ಹೊಸ ಕೇಬಲನ್ನು ಕಿಟಕಿಯವರೆಗೆ ಎಳೆದಿದ್ದೆ. ಒಳಗಿನ ಮೂರು ಮೀಟರ್ ಗೋಡೆಯ ಪಟ್ಟಿಯೊಳಗಿತ್ತು. ಪಟ್ಟಿ ಕಿತ್ತರೆ ಬಣ್ಣ ಏಳುತ್ತದೆ ಎಂದು ಅದನ್ನು ಹೊರಗೆಳೆಯದೆ, ಅದರ ತುದಿಯನ್ನೂ ಹೊಸದರ ತುದಿಯನ್ನೂ ಕೈಯಲ್ಲೇ ಹೊಸೆದು ಟೇಪು ಸುತ್ತಿ ಟಿವಿ ಮೇಜಿನ ಹಿಂದೆ ತುರುಕಿದ್ದೆ. ಹಿಂದಿನವನೂ ಅಲ್ಲೇ ಹಾಗೇ ಮಾಡಿದ್ದ, ನಾನು ಅವನ ಪರಂಪರೆಯನ್ನು ಮುಂದುವರಿಸಿದ್ದೆ. ಆ ಗಂಟಿನಿಂದ ಒಂದು ಗೇಣು ದೂರದಲ್ಲಿ ಚಾರ್ಜರಿನ ಪ್ಲಗ್. ಶಿವಮೊಗ್ಗದಲ್ಲಿರುವ ತಂಗಿ ದಿನವೂ ಏಳು ಗಂಟೆ ಕಳೆದ ಮೇಲೆ ಫೋನು ಮಾಡುತ್ತಾಳೆ. ಅಮ್ಮ ಫೋನನ್ನು ಚಾರ್ಜಿಗೆ ಹಾಕಿ, ಬಾಕ್ಸಿನ ಮೇಲೇ ಮಲಗಿಸಿ, ಸ್ಪೀಕರಿನಲ್ಲಿ ಮಾತಾಡುತ್ತ ಕೂರುತ್ತಾಳೆ.

ತಂಗಿಗೆ ಹೇಳಿ ಮೂರು ಸಲ ಫೋನು ಮಾಡಿಸಿದೆ. ಫೋನು ಬಾಕ್ಸಿನ ಮೇಲಿದ್ದಾಗ ಚಿತ್ರ ಒಡೆಯಿತು. ಕೈಯಲ್ಲಿ ಹಿಡಿದು ಬಾಗಿಲಿಗೆ ಹೋದಾಗ ಒಂದು ಸಲ ಬಿಕ್ಕಿ ಸರಿಯಾಯಿತು. ಅಡುಗೆಮನೆಯಲ್ಲಿದ್ದಾಗ ಏನೂ ಇಲ್ಲ. ಮತ್ತೆ ಬಾಕ್ಸಿನ ಮೇಲಿಟ್ಟು ಬೇರೆ ಆವರ್ತನದ ಚಾನೆಲ್ ಹಾಕಿದಾಗಲೂ ಏನೂ ಇಲ್ಲ. "ಅಂದರೆ ನಾನು ಮಾತಾಡಿದರೆ ಟಿವಿ ನಿಲ್ಲುತ್ತದೆ ಅಂತಾಯಿತು" ಎಂದಳು ತಂಗಿ. "ಟಿವಿಗಾದರೂ ನಿನ್ನ ಮಾತು ಕೇಳುವ ವ್ಯವಧಾನ ಇದೆಯಲ್ಲ" ಎಂದಳು ಅಮ್ಮ. ಎರಡೂ ತುದಿಗೆ ಕನೆಕ್ಟರ್ ಒತ್ತಿ, ನಡುವೆ ಇಪ್ಪತ್ತು ರೂಪಾಯಿಯ ಕೂಡುಕೊಂಡಿ ತಿರುಗಿಸಿದೆ. ಕೂಡುಕೊಂಡಿಯನ್ನು ನಂಬಿದರೂ ಚಾರ್ಜರನ್ನು ಮಂಚದ ಬಳಿಗೆ ಸಾಗಿಸಿದೆ.

ಉಳಿದದ್ದು ಮಧ್ಯಾಹ್ನದ ಗಾಳಿ. ಡಿಶ್ ಈಗ ಬಂಡೆಯಂತೆ ನಿಂತಿತ್ತು, ಗಾಳಿಗೆ ಅಲುಗುವ ಪ್ರಶ್ನೆಯೇ ಇರಲಿಲ್ಲ. ರಜೆಯ ದಿನ ತಾರಸಿಗೆ ಹೋಗಿ ಆಗ್ನೇಯಕ್ಕೆ ಮುಖ ಮಾಡಿ ನೋಡಿದೆ. ಎದುರಿಗೆ ಖಾಲಿ ಆಕಾಶ, ದೂರದಲ್ಲಿ ಕಟ್ಟಡಗಳು. ಅಡ್ಡ ಏನೂ ಇಲ್ಲವೆಂದು ಇಳಿದು ಬಂದೆ. ಫೆಬ್ರವರಿ ಹೀಗೇ ಹೋಯಿತು.

ಮಾರ್ಚ್ ಎರಡನೆಯ ವಾರ ಕ್ಯಾಲೆಂಡರಿನಲ್ಲಿ ಹೊಸ ಹೊತ್ತು ಕಾಣಿಸಿತು: "11.10", ಮರುದಿನ "11.10", ಅದರ ಮರುದಿನವೂ ಅದೇ. ಗಾಳಿಯಿಲ್ಲ, ಮೋಡವಿಲ್ಲ, ಫೋನಿಲ್ಲ. ಕೆಲವೇ ನಿಮಿಷ ಒಡೆದು ತಾನಾಗಿ ಸರಿಹೋಗುತ್ತಿತ್ತು. ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಿಸೆ ತೊಳೆದಂತಾಯಿತಲ್ಲ ಎಂದು ತಲೆ ಕೆಟ್ಟಿತು. ಗಡಿಯಾರದಂತೆ ಬರುವ ಈ ತೊಂದರೆ ನಮ್ಮದಲ್ಲ, ಸೂರ್ಯನದು ಎಂದು ಆಮೇಲೆ ತಿಳಿಯಿತು. ವರ್ಷಕ್ಕೆ ಎರಡು ಬಾರಿ, ಬೆಂಗಳೂರಿನ ಮಟ್ಟಿಗೆ ಮಾರ್ಚ್ ನಡುವಿಗೊಮ್ಮೆ, ಸೆಪ್ಟೆಂಬರ್ ಕೊನೆಗೊಮ್ಮೆ, ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಹಾದುಹೋಗುತ್ತಾನೆ. ಆ ಕೆಲವು ನಿಮಿಷ ಡಿಶ್‌ಗೆ ಕಾಣುವುದು ಅವನ ಗದ್ದಲವೇ. ಉಪಗ್ರಹದ ಸಣ್ಣ ದನಿ ಜಾತ್ರೆಯಲ್ಲಿ ಪಿಸುಗುಟ್ಟಿದಂತೆ. ಅದಕ್ಕೆ ಮದ್ದಿಲ್ಲ, ಕೆಲವು ದಿನಗಳಲ್ಲಿ ತಾನೇ ಹೋಗುತ್ತದೆ.

ಹಾಗಾದರೆ ಹನ್ನೊಂದೂ ಹತ್ತಕ್ಕೆ ಬಿಸಿಲು ಬರುವ ದಾರಿಯೂ ಸಿಗ್ನಲ್ ಬರುವ ದಾರಿಯೂ ಒಂದೇ ಅಲ್ಲವೇ? ಶನಿವಾರ ಹನ್ನೊಂದಕ್ಕೇ ತಾರಸಿಯಲ್ಲಿದ್ದೆ. ಕಾಲು ಸುಡುತ್ತಿತ್ತು. ಎಲ್‌ಎನ್‌ಬಿಯ ನೆರಳು ಡಿಶ್‌ನ ಕೆಳ ಅಂಚಿನಿಂದಾಚೆ ನೆಲದ ಕಡೆ ಬಿದ್ದಿತ್ತು, ಇರಬೇಕಾದ ಜಾಗದಲ್ಲೇ. ಎಲ್‌ಎನ್‌ಬಿಯ ಮುಖದ ಮೇಲೆ ಡಿಶ್‌ನಿಂದ ಮರಳಿದ ಬೆಳಕು ಮಂಕಾದ ಮಚ್ಚೆಯಂತೆ ಕುಳಿತಿತ್ತು. ನನ್ನ ಗುರಿ ತಪ್ಪಿಲ್ಲ ಎಂದು ಹಿಗ್ಗುತ್ತಿರುವಾಗಲೇ ಡಿಶ್‌ನ ಬಲಗೆನ್ನೆಯ ಮೇಲೆ ಬಾಚಣಿಗೆಯ ಹಲ್ಲುಗಳಂಥ ನೆರಳು ಹರಿದಾಡಿತು. ಬಂತು, ಹೋಯಿತು, ಮತ್ತೆ ಬಂತು.

ತೆಂಗಿನ ಗರಿ. ಪಕ್ಕದ ಮನೆಗೂ ನಮಗೂ ನಡುವಿನ ಸಂದಿಯಲ್ಲಿರುವ ಮರ. ನಾನು ಆವತ್ತು ನೇರ ಎದುರಿಗೆ ನೋಡಿದ್ದೆ. 66 ಡಿಗ್ರಿ ಎಂದು ಬಾಯಲ್ಲಿ ಹೇಳಿಕೊಂಡೂ ಕತ್ತು ಅಷ್ಟು ಎತ್ತಿರಲಿಲ್ಲ. ಮಳೆಗಾಲದ ಪಡುವಣ ಗಾಳಿಗೆ ಆ ಗರಿಗಳು ನಮ್ಮಿಂದ ಆಚೆಗೆ ಬಾಗುತ್ತವೆ, ಚಳಿಗಾಲದ ಮೂಡಣ ಗಾಳಿಗೆ ನಮ್ಮ ಕಡೆಗೆ. ಎರಡೂವರೆ ಗಂಟೆಯ ಗಾಳಿಯ ಗುಟ್ಟು ಇದೇ.

ಪಕ್ಕದ ಮನೆಯ ಅಜ್ಜಿಯನ್ನು ಕೇಳಲು ಹೋದೆ. ಕಾಫಿ ಕೊಟ್ಟರು. ಎರಡು ಗರಿ ತೆಗೆಸಬಹುದೇ ಎಂದಾಗ, "ಒಣಗಿದ ಗರಿ ತಾನಾಗಿ ಬೀಳುತ್ತದಪ್ಪ, ಹಸಿದನ್ನು ಯಾಕೆ ಕಡಿಯಬೇಕು? ನಿಮ್ಮ ತಟ್ಟೆಯನ್ನೇ ಆಚೆಗೆ ಇಟ್ಟುಕೊಳ್ಳಿ" ಎಂದರು. ಮಾತು ನ್ಯಾಯವಾಗಿತ್ತು. ಮರಕ್ಕೆ ಕಾಲಿಲ್ಲ, ಡಿಶ್‌ಗೆ ನಾಲ್ಕು ಬೋಲ್ಟ್ ಮಾತ್ರ.

ಸೂರ್ಯ ಇನ್ನೂ ಮೂರ್ನಾಲ್ಕು ದಿನ ಅದೇ ದಾರಿಯಲ್ಲಿ ಬರುವವನಿದ್ದ. ಮರುದಿನ ಹನ್ನೊಂದೂ ಹತ್ತಕ್ಕೆ ಸೀಮೆಸುಣ್ಣ ಹಿಡಿದು ತಾರಸಿಯಲ್ಲಿ ಗರಿಯ ನೆರಳು ಆಡುವಷ್ಟು ಜಾಗಕ್ಕೂ ಗೆರೆ ಎಳೆದೆ. ಆಚೆ ಮನೆಯ ಟ್ಯಾಂಕಿನ ನೆರಳಿಗೂ ಎಳೆದೆ. ಗೆರೆಗಳ ಹೊರಗೆ, ವಾಯವ್ಯ ಮೂಲೆಯಲ್ಲಿ ಆ ಹೊತ್ತಿಗೆ ಪೂರ್ತಿ ಬಿಸಿಲಿದ್ದ ಒಂದು ಚೌಕ ಸಿಕ್ಕಿತು. ಹೊಸ ಕಬ್ಬಿಣದ ಕಂಬವನ್ನು ಅಲ್ಲಿ ನೆಡಿಸಿದೆ. ಮತ್ತೆ ಅಮ್ಮನ ಹರಾಜು, ಈ ಸಲ 76ಕ್ಕೆ ನಿಂತಿತು.

ಮೇ ತಿಂಗಳ ಗುಡುಗು ಮಳೆಯಲ್ಲಿ ಈಗಲೂ ಐದು ಹತ್ತು ನಿಮಿಷ ಚಿತ್ರ ಹೋಗುತ್ತದೆ. ಈ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನಷ್ಟು, ದಪ್ಪ ಹನಿಗಳು ಅವನ್ನು ಹೀರಿಯೇ ಹೀರುತ್ತವೆ. ಮೊದಲಾದರೆ ತುಂತುರಿಗೇ ನಿಲ್ಲುತ್ತಿತ್ತು. ಈಗ ಚರಂಡಿ ಉಕ್ಕುವಂಥ ಮಳೆ ಬೇಕು, ಅಷ್ಟು ಹೊತ್ತಿಗೆ ಹೇಗೂ ಕರೆಂಟೇ ಹೋಗಿರುತ್ತದೆ.

ತೆಂಗಿನ ಮರದಡಿಯ ಹಳೆಯ ಕಂಬವನ್ನು ಕೀಳಲು ಅಮ್ಮ ಬಿಡಲಿಲ್ಲ. ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿಯನ್ನು ಅದಕ್ಕೆ ಕಟ್ಟಿದ್ದಾಳೆ. ಮೊನ್ನೆ ನಾನು ಮೇಲೆ ಹೋದಾಗ ಇನ್ನೊಂದು ತುದಿ ಹಿಡಿದು, ಅದನ್ನು ಕಟ್ಟಲು ಹೊಸ ಡಿಶ್‌ನ ಕಂಬದ ಕಡೆಗೆ ನಡೆಯುತ್ತಿದ್ದಳು.